ಬಣವೆಯ ನೆರಳು

"ಅಪ್ಪಾ, ಸ್ವಲ್ಪ ಆ ಕಡೆ ಜರುಗು. ನಿನ್ ನೆಳ್ಳು ಬಣವೆ ಮೇಲೆ ಬೀಳ್ತದೆ."

ರಾಗಿಹುಲ್ಲು ಹಿರಿಯಲು ಕೈಹಾಕಿದ್ದ ವೆಂಕಟೇಶಪ್ಪ ಹಾಗೇ ನಿಂತ. ಮಗಳು ಸುಮಿತಾ ಕೊಟ್ಟಿಗೆಯ ಜಗಲಿಯ ಮೇಲೆ ಬಣ್ಣ ಹರಡಿಕೊಂಡು ಕೂತಿದ್ದಳು.

"ಜರುಗ್ತೀನಿ. ಹಸುಗೋಳಿಗೆ ಏನಾಕ್ಲಿ, ನಿನ್ ಚಿತ್ರಾನಾ?"

"ನಾನು ಮುಗ್ಸೋವರ್ಗೂ ಈ ಮಗ್ಗುಲು ಮುಟ್ಬೇಡಪ್ಪಾ. ದಿನಾ ಕಿತ್ತಾಕಿದ್ರೆ ಬಣವೆ ಬೇರೇನೇ ಆಗ್ಬಿಡ್ತದೆ."

ಅವನು ಏನೋ ಗೊಣಗಿಕೊಂಡು ಖಾಲಿ ಕೈಯಲ್ಲೇ ಹೋದ.

ಸುಮಿತಾ ಬಂಗಾರಪೇಟೆಯಿಂದ ರೈಲು ಹತ್ತಿ ಬೆಂಗಳೂರಿನ ಚಿತ್ರಕಲಾ ಕಾಲೇಜಿಗೆ ಹೋಗಿಬರುತ್ತಿದ್ದಳು. ಟೇಕಲ್ ದಾಟುವಷ್ಟರಲ್ಲಿ ಅವಳ ಕಲಾ ಇತಿಹಾಸದ ಪುಸ್ತಕದಲ್ಲಿ ರಿನೈಸಾನ್ಸ್ ಮುಗಿಯುತ್ತಿತ್ತು, ಮಾಲೂರಿನ ಹೊತ್ತಿಗೆ ಬರೋಕ್ ಶೈಲಿ. ಇಂಪ್ರೆಷನಿಸಂ ಬರುವ ಹೊತ್ತಿಗೆ ಕಿಟಕಿಯ ಬಿಸಿಲಿಗೆ ಕಣ್ಣು ಮುಚ್ಚಿಹೋಗಿ, ಯುರೋಪಿನ ಹೊಲಗಳೂ ಮಾಲೂರಿನ ಹೊಲಗಳೂ ಒಂದಾಗಿ ತೇಲುತ್ತಿದ್ದವು. ಹೀಗೆ ತೇಲಿದ್ದಕ್ಕೇ ಇರಬೇಕು, ಪಾಶ್ಚಾತ್ಯ ಕಲೆಯ ಇತಿಹಾಸದಲ್ಲಿ ಹೋದ ವರ್ಷ ಫೇಲಾಗಿದ್ದಳು. ಈ ಸಲವೂ ಫೇಲಾದರೆ ಓದು ನಿಲ್ಲಿಸುತ್ತೇನೆಂದು ಅಮ್ಮನಿಗೆ ಮಾತು ಕೊಟ್ಟಾಗಿತ್ತು.

ಒಂದೇ ಬಣವೆಯನ್ನು ಬೇರೆಬೇರೆ ಬೆಳಕಿನಲ್ಲಿ ಬರೆದ ಇಂಪ್ರೆಷನಿಸ್ಟ್ ಚಿತ್ರಕಾರರ ಪಾಠ ಮಾಡಿದ ಮೇಡಂ, ನೀವೂ ಹಾಗೆ ಬರೆದು ತನ್ನಿ ಎಂದಿದ್ದರು. ಸುಮಿತಾಳ ಮೊದಲ ಚಿತ್ರ ನೋಡಿ, "ನೆರಳು ಕಪ್ಪಲ್ಲ, ಅದರಲ್ಲೂ ಬಣ್ಣ ಇರುತ್ತೆ ಅಂತ ಪರೀಕ್ಷೆಯಲ್ಲಿ ಬರೀತೀಯ, ಇಲ್ಲಿ ಕಪ್ಪೇ ಬಳಿದಿದ್ದೀಯಲ್ಲ!" ಎಂದು ಹಿಂದಕ್ಕೆ ಕೊಟ್ಟಿದ್ದರು. ಅಂದಿನಿಂದ ಹುಡುಗಿಗೆ ಬೆಳಕಿನ ಹುಚ್ಚು. ದೂರದ ಕೆಜಿಎಫ್‌ನ ಗಣಿಮಣ್ಣಿನ ಸೈನೈಡ್ ಗುಡ್ಡ ಬೆಳಿಗ್ಗೆ ಬೂದಿಯಾಗಿ, ಸಂಜೆ ಬೆಲ್ಲವಾಗಿ ಕಾಣುತ್ತಿತ್ತು. ಬಣವೆ ಮಾತ್ರ ದಿನವೂ ಹಾಗೇ ಇತ್ತು. ಹಸುಗಳು ಮೇಯುತ್ತಲೇ ಇದ್ದವು. ಆ ಹುಲ್ಲು ಎಲ್ಲಿಂದ ಬರುತ್ತಿದೆ ಎಂದು ಅವಳು ಒಮ್ಮೆಯೂ ಕೇಳಲಿಲ್ಲ.

ಚಿತ್ರಗಳನ್ನು ಕಾಲೇಜಿಗೆ ಕೊಡುವ ಹಿಂದಿನ ದಿನ, ಸಂಜೆಯ ಚಿತ್ರವೊಂದು ಬಾಕಿ ಇರುವಾಗ, ಗುಡುಗಿ ಮಳೆ ಸುರಿಯಿತು.

ಬೆಳಿಗ್ಗೆ ಅಮ್ಮ ಅನಸೂಯಮ್ಮನ ಕೂಗಿಗೆ ಎದ್ದು ಓಡಿದರೆ ಬಣವೆ ಹಿಂದಕ್ಕೆ ಕುಸಿದಿತ್ತು. ಜಗಲಿಗೆ ಕಾಣದ ಕೆರೆಯ ಕಡೆಯ ಮಗ್ಗುಲಲ್ಲಿ ದಿನಾ ಹುಲ್ಲು ಹಿರಿದು ಹಿರಿದು ದೊಡ್ಡ ಗವಿಯೇ ಆಗಿತ್ತು. ಅದರೊಳಗೆಲ್ಲ ನೀರು.

"ಮಳೆ ಬಡಿಯೋ ಮಗ್ಗುಲು ಮುಟ್ಬಾರ್ದು ಅಂತ ಊರಿಗೆಲ್ಲಾ ಯೋಳೋನು ನೀನೇ ಅಲ್ವಾ? ಬುದ್ಧಿ ಎಲ್ಲಿಟ್ಟಿದ್ದೆ?" ಅನಸೂಯಮ್ಮ ಗಂಡನ ಮೇಲೆ ಹರಿಹಾಯ್ದಳು. "ಕೊಳೆತ್ರೆ ಹಸುಗೋಳಿಗೆ ಏನಾಕ್ತೀಯ?"

"ಮಗು ಬರೀತಿತ್ತಲ್ಲಮ್ಮಿ," ಎಂದ ವೆಂಕಟೇಶಪ್ಪ.

ರೈಲಿನ ಹೊತ್ತು ಮೀರುತ್ತಿತ್ತು. ಸುಮಿತಾ ಚೂಡಿದಾರದ ವೇಲನ್ನು ನಡುವಿಗೆ ಬಿಗಿದು, ನೆನೆದ ಹುಲ್ಲನ್ನು ತಬ್ಬಿ ಎತ್ತಿದಳು.

"ಬಿಡಮ್ಮ, ರೈಲು ಓಗ್ಬಿಡ್ತದೆ."

"ಓಗ್ಲಿ ಬಿಡಪ್ಪಾ."

ಹಗಲೆಲ್ಲ ಮೂವರೂ ಹಿತ್ತಲ ಬಂಡೆಯ ಮೇಲೆ ಹುಲ್ಲು ಹರವಿದರು. ನಡುವೆ ಬಿಡುವು ಸಿಕ್ಕಾಗ ಸುಮಿತಾ ಮೇಡಂಗೆ ಫೋನು ಮಾಡಿ ಬಂದಳು. "ನಾಳೆ ತರ್ಬೇಕಂತೆ. ಅದೇ ಕೊನೆ," ಎಂದಳು.

ಇಳಿಬಿಸಿಲಿಗೆ ಹುಲ್ಲಿನಿಂದ ಹಬೆ ಏಳುತ್ತಿತ್ತು. ಬಂಡೆಯೆಲ್ಲ ಮಂಜು ಕವಿದ ಹಾಗೆ ಮಸುಕಾಗಿತ್ತು. ಅವಳು ಬಣ್ಣದ ಡಬ್ಬಿ ತಂದು ಎದುರಿಗೆ ಕೂತಳು. ಹುಲ್ಲು ತಿರುವಿಹಾಕುತ್ತಿದ್ದ ವೆಂಕಟೇಶಪ್ಪ ಅವಳನ್ನು ಕಂಡದ್ದೇ ಕೋಲು ಎತ್ತಿಕೊಂಡು ಬಂಡೆಯ ಅಂಚಿಗೆ ಸರಿದ.

"ಯಾಕಪ್ಪಾ, ಬಾ ಈ ಕಡೆ. ಮಧ್ಯದ್ದು ಇನ್ನೂ ಹಸಿ ಅದೆ."

"ನೆಳ್ಳು ಬೀಳಲ್ವಾ?"

"ಬೀಳ್ಲಿ."

ಅವನು ಅನುಮಾನಿಸುತ್ತಲೇ ನಡುವೆ ಬಂದು ನಿಂತು ಹುಲ್ಲು ತಿರುವಿದ. ಅವನ ನೆರಳು ಹಸಿ ಹುಲ್ಲಿನ ಮೇಲೆ ಉದ್ದಕ್ಕೆ ಮಲಗಿತು. ಸುಮಿತಾ ಅದನ್ನೇ ನೋಡುತ್ತ ಕೂತಳು. ಆಮೇಲೆ ಕಪ್ಪು ಬಣ್ಣದ ಟ್ಯೂಬನ್ನು ಪಕ್ಕಕ್ಕಿಟ್ಟು, ಇನ್ನೂ ಮುಚ್ಚಳ ತೆಗೆಯದೇ ಇದ್ದ ನೇರಳೆಯನ್ನು ಬಿಚ್ಚಿದಳು.