ಮಂಚದ ಕೆಳಗಿನ ಮಹಾರಾಯ್ತಿ

ಬೆಂಕಿ ಆರಿಸುವ ಕೆಲಸದ ಅಪ್ಪ ಬಿಡುವಾದಾಗ ಶಾಲೆಗಳಿಗೆ ಹೋಗಿ ಪಾಠ ಹೇಳುತ್ತಿದ್ದ. ಹೊಗೆ ಕಂಡರೆ ಬಗ್ಗಿ ತೆವಳಿ, ಹೊರಗೆ ಬನ್ನಿ, ಮತ್ತೆ ಒಳಗೆ ಹೋಗಬೇಡಿ. ಮಕ್ಕಳು ಗಿಳಿಗಳ ಹಾಗೆ ಒಪ್ಪಿಸುತ್ತಿದ್ದರು. ಮನೆಯಲ್ಲಿ ಮಾತ್ರ ಅವನ ಬೇಳೆ ಬೇಯಲಿಲ್ಲ.

ಅಂದು ರಜೆ. ಅಡುಗೆಮನೆಯಿಂದ ಅಮ್ಮ ಸೀಟಿ ಊದಿದ ಕೂಡಲೇ ಆರು ವರ್ಷದ ಪುಟ್ಟಿ ಕೋಣೆಯಿಂದ ತೆವಳಿ ಗೇಟಿನ ಹತ್ತಿರ ನಿಂತ ಅಪ್ಪನ ಬಳಿ ಬರಬೇಕು, ಅಷ್ಟೇ ತಾಲೀಮು. ಅಮ್ಮ ಊದಿ ಊದಿ ಸುಸ್ತಾಗಿ ಹೊರಗೆ ಬಂದರೂ ಪುಟ್ಟಿಯ ಸುಳಿವಿಲ್ಲ. ಅಪ್ಪ ಹೋಗಿ ನೋಡಿದರೆ ಮಹಾರಾಯ್ತಿ ಮಂಚದ ಕೆಳಗೆ ಹಾಯಾಗಿ ಮಲಗಿದ್ದಾಳೆ!

"ಯಾಕೆ ಬರ್ಲಿಲ್ಲ?"

"ನೀನೇ ಬಂದು ಎತ್ಕೊಂಡು ಹೋಗ್ತೀಯಲ್ಲ. ಅದೇ ತಾನೆ ನಿನ್ನ ಕೆಲ್ಸ?"

ಬಾಗಿಲಲ್ಲಿ ನಿಂತ ಅಮ್ಮನಿಗೆ ನಗು ತಡೆಯಲಾಗಲಿಲ್ಲ. "ಊರಿಗೆಲ್ಲ ಪಾಠ ಹೇಳಿದ್ದಾಯ್ತು. ಈಗ ಮಗಳಿಗೆ ಉತ್ತರ ಕೊಡಿ."

"ನಾನು ಡ್ಯೂಟಿಗೆ ಹೋಗಿದ್ರೆ?" ಎಂದು ಅಪ್ಪ ಕೇಳಿದ.

"ಕಾಯ್ತೀನಿ."

"ಹೊಗೆ ತುಂಬ್ಕೊಂಡ್ರೆ?"

"ಇನ್ನೂ ಸ್ವಲ್ಪ ಕಾಯ್ತೀನಿ."

ಅಪ್ಪನಿಗೆ ಆಗ ತನ್ನ ತಪ್ಪು ಹೊಳೆಯಿತು. ದಿನಾ ಮಲಗುವಾಗ ಅವಳ ಮುಂದೆ, ಬೆಂಕಿಯಿಂದ ಮಕ್ಕಳನ್ನು ಹೆಗಲ ಮೇಲೆ ಹೊತ್ತು ತಂದ ಸಾಹಸಗಳನ್ನು ಮೀಸೆ ತಿರುವುತ್ತಾ ಕೊಚ್ಚಿಕೊಂಡಿದ್ದು ಅವನೇ. ಅವಳೋ ಆ ಹೆಗಲನ್ನೇ ನಂಬಿ ಕುಳಿತಿದ್ದಳು.

ಅವನು ನೆಲಕ್ಕೆ ಹೊಟ್ಟೆ ಹಚ್ಚಿ ಮಂಚದ ಕೆಳಗೆ ತಲೆ ತೂರಿಸಿದ. "ಪುಟ್ಟಿ, ಹೊಗೇಲಿ ಅಡಗಿ ಕೂತವ್ರನ್ನ ಹುಡುಕೋದು ನಂಗೂ ಕಷ್ಟ. ತಾವಾಗೇ ಹೊರಗೆ ಬಂದ್ಬಿಟ್ಟಿರೋ ಮಕ್ಕಳೂ ಇರ್ತಾರೆ. ಅವ್ರನ್ನ ಕಂಡ್ರೆ ನಮಗೆಲ್ಲ ಎಷ್ಟು ಖುಷಿ ಗೊತ್ತಾ? ಅವ್ರ ಕಥೆ ನಾನು ಹೇಳ್ಲೇ ಇಲ್ಲ ನೋಡು. ಈ ಸಲ ನಾನು ಒಳಗೆ ಬರಲ್ಲ."

ಅಪ್ಪ ಗೇಟಿನ ಹತ್ತಿರ ಹೋಗಿ ನಿಂತ. ಮತ್ತೆ ಸೀಟಿ ಊದಿ ಅಮ್ಮನೂ ಗೇಟಿಗೆ ಬಂದಳು. ಮನೆಯೊಳಗೆ ಸದ್ದಿಲ್ಲ. ಎಷ್ಟೋ ಉರಿಯುವ ಮನೆಗಳಿಗೆ ನುಗ್ಗಿದವನಿಗೆ ತನ್ನ ಮನೆಯ ಮುಂದೆ ಸುಮ್ಮನೆ ನಿಲ್ಲುವುದು ಬಲು ಕಷ್ಟವಾಯಿತು. ಒಂದು ಕಾಲು ಮುಂದಿಟ್ಟೇಬಿಟ್ಟ. ಅಮ್ಮ ಅಂಗಿ ಹಿಡಿದು ಎಳೆದಳು.

ಅಷ್ಟರಲ್ಲಿ ಹೊಸ್ತಿಲ ಮೇಲೆ ಎರಡು ಪುಟ್ಟ ಕೈಗಳು ಕಂಡವು. ಬಗ್ಗಿ ತೆವಳುತ್ತಾ, ಮೊಣಕಾಲೆಲ್ಲ ಧೂಳು ಮಾಡಿಕೊಂಡು ಪುಟ್ಟಿ ಹೊರಗೆ ಬಂದಳು. ಅಪ್ಪನಿಗೆ ಕಣ್ಣು ತುಂಬಿ ಬಂತು. ಎತ್ತಿಕೊಳ್ಳಲು ಎರಡೂ ಕೈ ಚಾಚಿದ.

ಅವಳು ಸರಕ್ಕನೆ ಹಿಂದೆ ಸರಿದಳು. "ಮುಟ್ಬೇಡ! ಎತ್ಕೊಂಡ್ರೆ ನೀನೇ ಕಾಪಾಡಿದ್ದು ಅಂತಾರೆ."