ಡೌವೆ ಕೊಟ್ಟ ಹವಳದ ಕಡ್ಡಿ

ನನ್ನ ನೀಲಿ ಹವಳದ ಬುಡದಲ್ಲಿ ಹಳದಿ ಚುಕ್ಕೆಗಳನ್ನು ಮೊದಲು ಕಂಡವನು ನನ್ನ ಗಂಡ ಮೆನ್ನೋ. ನಡುಮನೆಯಲ್ಲಿ ಉಪ್ಪುನೀರಿನ ತೊಟ್ಟಿ ಇಟ್ಟು ನಾನು ಹವಳ ಸಾಕುವುದನ್ನು ಅವನು ಎಂದೂ ಗಂಭೀರವಾಗಿ ತೆಗೆದುಕೊಂಡವನಲ್ಲ. ಅಂದೂ ಅಷ್ಟೇ, ಹವಳಕ್ಕೆ ಸಿಡುಬು ಎದ್ದಿದೆ, ದೃಷ್ಟಿ ತೆಗಿ ಎಂದು ನಕ್ಕ. ನಾನು ಭೂತಗನ್ನಡಿ ಹಿಡಿದು ನೋಡಿದೆ. ಸಿಡುಬೇ ಆಗಿದ್ದರೆ ಎಷ್ಟೋ ವಾಸಿಯಿತ್ತು. ಅದು ಕೊರೆಯುವ ಸ್ಪಂಜು ಎಂಬ ಕಡಲಜೀವಿ. ಹೊರಗೆ ಕಾಣುವುದು ಸಾಸಿವೆ ಕಾಳಿನಷ್ಟು ಚುಕ್ಕೆ. ಒಳಗೆ ಹವಳದ ಸುಣ್ಣದ ಮೂಳೆಯನ್ನೆಲ್ಲ ಕೊರೆದು ಗೆದ್ದಲು ಹಿಡಿದ ಬಾಗಿಲಿನ ಹಾಗೆ ಮಾಡಿಟ್ಟಿರುತ್ತದೆ.

ಆ ಹವಳ ಹೆಬ್ಬೆರಳಿನಷ್ಟಿದ್ದಾಗ ನನ್ನ ಕೈಗೆ ಬಂದದ್ದು. ಈಗ ಎಲೆಕೋಸಿಗಿಂತ ದೊಡ್ಡದಾಗಿತ್ತು. ನನ್ನ ತೊಟ್ಟಿಗೆ ಬಂದ ಮೇಲೆ ಅದಕ್ಕೊಂದು ನೀಲಿ ಏರಿತು. ಡ್ರಾಖ್ಟನ್ ಊರಿನ ನಮ್ಮ ಹವಳ ಸಾಕುವವರ ಕ್ಲಬ್ಬಿನಲ್ಲಿ ಬೇರೆ ಯಾರ ಮನೆಯಲ್ಲಾದರೂ ಆ ನೀಲಿ ಕಂಡರೆ ಅದು ನಾನು ಮುರಿದು ಕೊಟ್ಟ ಕಡ್ಡಿಯಿಂದ ಬೆಳೆದದ್ದೇ. ಹೆತ್ತ ಮಕ್ಕಳಿಲ್ಲದವಳಿಗೆ ಇದೊಂದು ಹುಚ್ಚು ಎಂದು ಅತ್ತೆ ಹೇಳುತ್ತಿದ್ದರು. ಹುಚ್ಚೇ ಇರಲಿ, ನನಗೆ ಅದರ ಮೇಲೆ ಜೀವ.

ತಕ್ಷಣ ಡೌವೆಗೆ ಫೋನ್ ಮಾಡಿದೆ. ಹಾಲಿನ ಕಾರ್ಖಾನೆಯಲ್ಲಿ ಯಂತ್ರ ನೋಡಿಕೊಂಡಿದ್ದು ನಿವೃತ್ತನಾದವನು. ನನಗೆ ಈ ವಿದ್ಯೆ ಕಲಿಸಿದವನೇ ಅವನು. ಅವನು ಬಂದ, ಕಾಫಿ ಕುಡಿದ, ಶುಂಠಿ ಬಿಸ್ಕತ್ತನ್ನು ಅದ್ದಿ ತಿಂದ, ಆಮೇಲೆ ನನಗೆ ಸರಿಯಾಗಿ ಬೈದ. ಮೀನಿಗೆ ಸುರಿದು ಸುರಿದು ಹಾಕುತ್ತೀಯ, ಉಳಿದದ್ದೆಲ್ಲ ಸ್ಪಂಜಿಗೆ ಹಬ್ಬದೂಟ ಎಂದ. ನೀರು ಸೋಸುವ ಫಿಲ್ಟರು ಹಳತಾಗಿದೆ ಎಂದ. ಹವಳವನ್ನು ನೀರಿನಿಂದ ಹೊರಗೆ ತೆಗೆದೇ ಚುಕ್ಕೆಯಿರುವ ಕಡೆ ಇಕ್ಕಳದಲ್ಲಿ ಕತ್ತರಿಸು, ತೊಟ್ಟಿಯೊಳಗೆ ಕತ್ತರಿಸಿದರೆ ಉದುರಿದ ಒಂದೊಂದು ಚೂರೂ ಹೊಸ ಸ್ಪಂಜಾಗುತ್ತದೆ, ತೂತುಗಳಿಗೆ ನೀರಲ್ಲೂ ಗಟ್ಟಿಯಾಗುವ ಎಪಾಕ್ಸಿ ಅಂಟು ಮೆತ್ತು ಎಂದ.

ಹೇಳಿದ್ದನ್ನೆಲ್ಲ ಮಾಡಿದೆ. ಮೀನುಗಳ ಊಟ ಕಡಿಮೆ ಮಾಡಿದೆ. ಅವು ಗಾಜಿಗೆ ಮೂತಿಯಿಟ್ಟು ನನ್ನನ್ನೇ ನೋಡುತ್ತಿದ್ದವು. ಸಂಜೆಗಳೆಲ್ಲ ಇಕ್ಕಳ ಹಿಡಿದೇ ಕಳೆದವು, ಅಡುಗೆ ಮರೆತುಹೋಯಿತು. ಮೀನಿಗೂ ಉಪವಾಸ, ಗಂಡನಿಗೂ ಉಪವಾಸ ಎಂದು ಮೆನ್ನೋ ರೈ ಬ್ರೆಡ್ಡಿಗೆ ಚೀಸ್ ಇಟ್ಟುಕೊಂಡು ತಿಂದ. ಆದರೂ ಒಂದು ತೂತು ಮುಚ್ಚಿದರೆ ಪಕ್ಕದಲ್ಲಿ ಇನ್ನೊಂದು ಹಳದಿ ಬಾಯಿ ತೆರೆಯುತ್ತಿತ್ತು. ನನ್ನ ಕೈಯಾರೆ ಹೀಗಾಯಿತಲ್ಲ ಎಂದು ನನ್ನನ್ನೇ ಶಪಿಸಿಕೊಂಡೆ. ಡೌವೆ ವಾರವಾರವೂ ಬಂದು ಬೆನ್ನು ತಟ್ಟಿ ಹೋಗುತ್ತಿದ್ದ.

ಕೊನೆಗೊಂದು ದಿನ ಕೈಯಲ್ಲಿ ಎತ್ತಿಕೊಂಡ ಹವಳ ಹಪ್ಪಳದ ಹಾಗೆ ಮುರಿಯಿತು. ತುದಿಯವರೆಗೂ ಒಳಗೆಲ್ಲ ಹಳದಿ. ಇನ್ನು ಅದು ಉಳಿಯುವುದಿಲ್ಲವೆಂದು ಗೊತ್ತಾಯಿತು. ಆದರೂ ನಾನು ಎದೆಗೆಡಲಿಲ್ಲ. ಹವಳ ಸಾಕುವ ನಮ್ಮವರಲ್ಲಿ ಒಂದು ವಾಡಿಕೆಯಿದೆ: ಒಳ್ಳೆಯ ಹವಳ ಬೆಳೆಸಿದವರು ಅದರ ಕಡ್ಡಿಗಳನ್ನು ಮುರಿದು ಸ್ನೇಹಿತರಿಗೆ ಹಂಚಬೇಕು. ನಮ್ಮದು ಸತ್ತರೆ ಅವರ ಮನೆಯಿಂದ ಒಂದು ಕಡ್ಡಿ ಮರಳಿ ಬರುತ್ತದೆ. ಮೊದಲ ಕಡ್ಡಿಯನ್ನು ನಾನು ಡೌವೆಗೇ ಕೊಟ್ಟಿದ್ದೆ. ಕೇಳಿದಾಗಲೆಲ್ಲ ನಿನ್ನ ನೀಲಿ ಚೆನ್ನಾಗಿದೆ ಎನ್ನುತ್ತಿದ್ದ.

ಹೇಳದೆ ಕೇಳದೆ ಇನ್ನೊಬ್ಬರ ಮನೆಗೆ ಹೋಗುವ ಪದ್ಧತಿ ನಮ್ಮಲ್ಲಿಲ್ಲ. ಅಂದು ಮಾತ್ರ ತಡೆಯಲಾಗದೆ ಸೈಕಲ್ ಹತ್ತಿ ಹೋಗಿ ಡೌವೆಯ ಹಿಂಬಾಗಿಲು ತಳ್ಳಿದೆ. ಅವನು ತೊಟ್ಟಿಯ ಮುಂದೆ ನಿಂತಿದ್ದವನು ಬೆಚ್ಚಿಬಿದ್ದ. ನನ್ನ ನೀಲಿ ಎಲ್ಲೂ ಇರಲಿಲ್ಲ. ಕಲ್ಲುಗಳ ತುಂಬ ಎಪಾಕ್ಸಿಯ ಉಂಡೆಗಳು, ಅವುಗಳ ನಡುವೆ ಹಳದಿ ಚುಕ್ಕೆಗಳು. ಇದು ಯಾವಾಗಿನಿಂದ ಎಂದು ಕೇಳಿದೆ. ಹೋದ ತಿಂಗಳು ಕಾಣಿಸಿಕೊಂಡಿತು, ನಿಮ್ಮ ಮನೆಯಿಂದ ನನ್ನ ಕೈಗಂಟಿಕೊಂಡು ಬಂದಿರಬೇಕು ಎಂದ.

ಆದರೆ ಆ ಉಂಡೆಗಳ ಮೇಲೆಲ್ಲ ಗುಲಾಬಿ ಬಣ್ಣದ ಸುಣ್ಣದ ಪಾಚಿ ದಪ್ಪಗೆ ಕಟ್ಟಿತ್ತು.

"ಗುಲಾಬಿ ಕಟ್ಟಿದೆ ಡೌವೆ. ಇಷ್ಟು ಕಟ್ಟೋಕೆ ವರ್ಷದ ಮೇಲೇ ಬೇಕು. ನೀನೇ ನಂಗೆ ಹೇಳ್ಕೊಟ್ಟಿದ್ದು."

ಅವನು ಕೈಯೊರೆಸಿಕೊಂಡು ಕುರ್ಚಿಯ ಮೇಲೆ ಕುಳಿತ. "ಮೂರನೇ ವರ್ಷ ನಡೀತಿದೆ," ಎಂದ. "ನನ್ನ ಹಸಿರು ಹವಳ ಇಲ್ಲಿದ್ರೆ ಸಾಯ್ತಿತ್ತು. ನಿನ್ನ ತೊಟ್ಟಿ ಚೊಕ್ಕಟವಾಗಿತ್ತು. ಅಲ್ಲಾದ್ರೂ ಒಂದು ಕಡ್ಡಿ ಬದುಕ್ಲಿ ಅಂತ ತಂದ್ಕೊಟ್ಟೆ."

ಈ ವರ್ಷದ ಆರಂಭದಲ್ಲಿ ಆ ಹಸಿರು ಕಡ್ಡಿ ನನ್ನ ಮನೆಗೆ ಬಂದ ದಿನ ನೆನಪಾಯಿತು. ಹೊಸದಾಗಿ ಬಂದದ್ದನ್ನು ಕೆಲವು ವಾರ ಬೇರೆ ಬಟ್ಟಲಲ್ಲಿಟ್ಟು ನೋಡಿ ಆಮೇಲೆ ತೊಟ್ಟಿಗೆ ಬಿಡಬೇಕು. ಅಂಗಡಿಯಿಂದ ತಂದದ್ದಕ್ಕೆ ಎಲ್ಲರೂ ಹಾಗೆ ಮಾಡುತ್ತೇವೆ. ಸ್ನೇಹಿತರು ಕೊಟ್ಟದ್ದಕ್ಕೆ ಯಾರೂ ಮಾಡುವುದಿಲ್ಲ, ಮಾಡಿದರೆ ಬಡಿಸಿದ ಊಟವನ್ನು ಮೂಸಿ ನೋಡಿದಷ್ಟೇ ಅವಮಾನ. ನಾನು ಅಂದು ಯಾಕೋ ಬಟ್ಟಲು ತೆಗೆದಿದ್ದೆ. ನಾನು ಕೊಟ್ಟಿದ್ದಕ್ಕೂ ಮಡಿ ಮಾಡ್ತೀಯೇನೇ ಹುಡುಗೀ ಎಂದು ಡೌವೆ ನಕ್ಕಿದ್ದ. ನಾಚಿಕೆಯಾಗಿ ಬಟ್ಟಲನ್ನು ಒಳಗಿಟ್ಟು ಕಡ್ಡಿಯನ್ನು ನೇರ ತೊಟ್ಟಿಗೇ ಬಿಟ್ಟಿದ್ದೆ.

"ಒಂದು ಮಾತು ಹೇಳಿದ್ರೆ ಬೇರೆ ಇಡ್ತಿದ್ನಲ್ಲ," ಎಂದೆ.

"ಹೇಳಿದ್ರೆ ನೀನು ತಗೋತಾನೇ ಇರ್ಲಿಲ್ಲ."

ನನ್ನ ನೀಲಿ ಎಲ್ಲಿ ಎಂದು ಕೇಳಿದೆ. ಹೋಗಿ ತುಂಬಾ ದಿನವಾಯಿತು ಎಂದು ಕಿಟಕಿಯ ಕಡೆ ನೋಡಿಕೊಂಡು ಹೇಳಿದ. ನನಗೆ ಸಿಟ್ಟು ಬಂತು. ಹವಳ ಸತ್ತದ್ದಕ್ಕಲ್ಲ. ರೋಗವನ್ನು ಮನೆಗೆ ತಂದಿಟ್ಟವನು ನನ್ನ ಸೋಫಾದ ಮೇಲೆ ಕೂತು, ನನ್ನ ಕಾಫಿ ಕುಡಿದು, ನನ್ನ ಫಿಲ್ಟರು ಸರಿಯಿಲ್ಲ ಎಂದು ಬೈದಿದ್ದನಲ್ಲ, ನಾನು ತಲೆ ತಗ್ಗಿಸಿ ಕೇಳಿದ್ದೆನಲ್ಲ, ಅದಕ್ಕೆ. ಸೈಕಲ್ ಹತ್ತಿ ಹೊರಟುಬಂದೆ.

ಮಿಕ್ಕವರ ಹತ್ತಿರ ನನ್ನ ನೀಲಿ ಇದ್ದೇ ಇರುತ್ತದೆಂಬ ಧೈರ್ಯವೊಂದೇ ಉಳಿದಿತ್ತು. ಆ ಶನಿವಾರ ಸ್ಕೇಟಿಂಗ್ ಕ್ಲಬ್ಬಿನ ಕ್ಯಾಂಟೀನಿನಲ್ಲಿ ನಮ್ಮ ಹವಳದವರ ಸಭೆ. ಡೌವೆ ಎಂದಿನ ಹಾಗೆ ಮೇಜಿನ ತುದಿಯಲ್ಲಿ ಕೂತು ಕಾಫಿ ಕಲಕುತ್ತಿದ್ದ. ನಾನು ಅವನ ಕಡೆ ನೋಡದೆ, ನನ್ನ ಹವಳ ಹೋಯಿತು, ಯಾರಾದರೂ ಒಂದು ನೀಲಿ ಕಡ್ಡಿ ಮರಳಿ ಕೊಡಿ ಎಂದು ಕೇಳಿದೆ. ನಮ್ಮ ಲೆಕ್ಕಪತ್ರ ನೋಡುವ ಹಿಸ್ಕೆ ನನ್ನ ಕೈ ಹಿಡಿದುಕೊಂಡಳು.

"ನಿಂಗೆ ಹೇಗೆ ಹೇಳೋದು ಅಂತ ಗೊತ್ತಾಗ್ಲಿಲ್ಲ ಆಫ್ಕೆ. ಹೋದ ವರ್ಷ ನನ್ನ ತೊಟ್ಟೀಲಿ ಹಳದಿ ಚುಕ್ಕೆ ಕಂಡಾಗ ಡೌವೇನ ಕರೆಸಿದ್ದೆ. ಇದು ಆಫ್ಕೆ ಕೊಟ್ಟ ನೀಲಿಯಿಂದ್ಲೇ ಬಂದಿದ್ದು ಅಂದ. ಎಲ್ರೂ ನಿನ್ನ ಕಡ್ಡಿಗಳನ್ನ ತೆಗೆದು ಒಣಗಿಸಿ ಎಸೆದ್ಬಿಟ್ವಿ."

ಹೋದ ವರ್ಷ ನನ್ನ ತೊಟ್ಟಿಯಲ್ಲಿ ಒಂದೇ ಒಂದು ಚುಕ್ಕೆಯೂ ಇರಲಿಲ್ಲ. ಅದನ್ನು ಹೇಳಿದೆ. ಡೌವೆಯ ಮನೆಗೆ ಹೋಗಿ ಆ ಗುಲಾಬಿ ಕಟ್ಟಿದ ಉಂಡೆಗಳನ್ನು ನೋಡಿ ಎಂದೆ. ಧ್ವನಿ ಏರಿತು, ಕಣ್ಣಲ್ಲಿ ನೀರೂ ಬಂತು. ಅದೇ ತಪ್ಪಾಯಿತೋ ಏನೋ, ಯಾರೂ ಅವನ ಕಡೆ ತಿರುಗಿ ನೋಡಲಿಲ್ಲ. ಎಲ್ಲರೂ ನನ್ನನ್ನು ಅಯ್ಯೋ ಪಾಪ ಎನ್ನುವಂತೆ ನೋಡಿದರು. ಹಿಸ್ಕೆ ನನ್ನ ಬಟ್ಟಲಿಗೆ ಮತ್ತೆ ಕಾಫಿ ಬಗ್ಗಿಸಿದಳು.

"ಯಾರ ಮನೇಲಾದ್ರೂ ಆಗೋದೇ, ಬಿಡು. ನಾವ್ಯಾರೂ ನಿನ್ನ ಮೇಲೆ ಕೋಪ ಇಟ್ಕೊಂಡಿಲ್ಲ. ಯಾವಾಗ್ಲೋ ಕ್ಷಮಿಸಿದ್ದೀವಿ."

ಮೇಜಿನ ಸುತ್ತ ಎಲ್ಲರೂ ಹೌದೆಂದು ತಲೆಯಾಡಿಸಿದರು. ಡೌವೆಯೂ ತಲೆಯಾಡಿಸಿದ.