ಮಾಲೀಕರ ಸಹಿ

“ಸ್ವಲ್ಪ ಪಕ್ಕಕ್ಕೆ ಸರೀರಿ ಅಮ್ಮಾ, ಹೇಲು ಕಾಣಿಸ್ತಾ ಇಲ್ಲ.”

ಜೂಲಿಯನ್ ಹೀಗೆಂದರೂ ಕ್ಲಿಯೋರಾ ಚಿಕ್ಕಮ್ಮ ಸರಿಯಲಿಲ್ಲ. ನಮ್ಮ ತಗಡಿನ ಮನೆಯ ಹಿಂದೆ, ಪಾಯಿಖಾನೆಯ ಬಿಳಿ ಪೈಪು ಬಯಲಿಗೆ ಬಾಯಿ ಬಿಡುವ ಜಾಗದಲ್ಲಿ, ಸೊಂಟಕ್ಕೆ ಕೈ ಕೊಟ್ಟು ನಿಂತೇ ಇದ್ದಳು. ಅವನ ಜೊತೆ ಬಂದಿದ್ದ ಫೋಟೋದ ಹುಡುಗಿ ಕ್ಯಾಮೆರಾ ಎತ್ತಿಕೊಂಡು ಕಾಯುತ್ತಿದ್ದಳು.

“ನನ್ ಹೇಲ್ ನೋಡಕ್ಕೆ ಅಟ್ಲಾಂಟದಿಂದ ಬಂದ್ಯೇನ್ಲಾ?” ಅಂದಳು ಚಿಕ್ಕಮ್ಮ. “ಯಾಕೆ, ನಿಮ್ಮವ್ವ ಹೇಲಕಿಲ್ವಾ?”

ಜೂಲಿಯನ್ ನಕ್ಕ. ಅವನೂ ನಮ್ಮ ಹಾಗೆ ಕರಿಯನೇ. ಆದರೆ ಹಲ್ಲು, ಬೂಟು, ಮಾತು ಎಲ್ಲಕ್ಕೂ ಪಾಲಿಶ್ ಬಿದ್ದಿತ್ತು. ದೊಡ್ಡ ದಾನಸಂಸ್ಥೆಯಾದ ಹ್ಯಾಡ್ಲಿಂಗ್ ಪ್ರತಿಷ್ಠಾನದಲ್ಲಿ ಜನಾಂಗೀಯ ನ್ಯಾಯದ ವಿಭಾಗವನ್ನು ನೋಡಿಕೊಳ್ಳುವ ಅಧಿಕಾರಿ ಅವನು.

“ನಾನೂ ನಿಮ್ಮವನೇ ಅಮ್ಮಾ. ನಮ್ಮಜ್ಜಿನೂ ಹತ್ತಿ ಬಿಡಿಸಿದವಳೇ. ಕಣ್ಣಾರೆ ಕಂಡ್ರೆ ತಾನೇ ದೊಡ್ಡವರ ಮನಸ್ಸು ಕರಗೋದು?”

ಚಿಕ್ಕಮ್ಮನ ತೋಳು ಹಿಡಿದು ಪಕ್ಕಕ್ಕೆ ಎಳೆದವಳು ನಾನೇ. ಹುಡುಗಿ ನಾಲ್ಕು ಫೋಟೋ ಹೊಡೆದಳು.

ನಾನು ಡೆಲ್ಫೀನ್. ಹತ್ತೊಂಬತ್ತು ವರ್ಷದಿಂದ ಮೀನಿನ ಕಾರ್ಖಾನೆಯಲ್ಲಿ ಮೀಸೆಮೀನಿನ ಹೊಟ್ಟೆ ಸೀಳುತ್ತಿದ್ದೇನೆ. ಎಂತಹ ನಾತಕ್ಕೂ ಮೂಗು ಒಗ್ಗಿಹೋಗಿದೆ. ಆದರೂ ಊಟಕ್ಕೆ ಕೂತಾಗ ಕಿಟಕಿ ಮುಚ್ಚುತ್ತೇನೆ. ಅಲಬಾಮದ ನಮ್ಮ ಕಡೆಯ ಅಂಟು ಮಣ್ಣು ನೀರು ಕುಡಿಯುವುದಿಲ್ಲ. ಒಂದು ಮಳೆ ಬಿದ್ದರೆ ಇಲ್ಲಿರುವ ಹನ್ನೊಂದು ಮನೆಯ ಹೊಲಸೂ ಅಂಗಳದಲ್ಲೇ ತೇಲುತ್ತದೆ. ಪಾಯಿಖಾನೆಯ ಹೊಲಸು ಹಿಡಿಯಲು ಈ ಮಣ್ಣಿಗೆ ತಕ್ಕ ತೊಟ್ಟಿ ಹೂಳಬೇಕು, ಅದಕ್ಕೆ ಕೌಂಟಿಯ, ಅಂದರೆ ನಮ್ಮ ಜಿಲ್ಲೆಯ, ಆರೋಗ್ಯ ಕಚೇರಿಯ ಪರವಾನಗಿ ಬೇಕು. ಅಲ್ಲಿನ ಗುಮಾಸ್ತ ಪ್ರುಯಿಟ್ ನನ್ನ ಅರ್ಜಿಯನ್ನು ಪೆನ್ಸಿಲ್ ತುದಿಯಿಂದ ವಾಪಸ್ ತಳ್ಳಿದ್ದ.

“ಜಾಗ ನಿಂದಾ?”

“ಮನೆ ನಮ್ದು ಸಾರ್. ನೆಲ ಮರದ ಕಂಪನಿದು, ಬಾಡಿಗೆ ಕಟ್ತೀವಿ.”

“ಹಂಗಾದ್ರೆ ಮಾಲೀಕರ ಸಹಿ ಹಾಕಿಸ್ಕೊಂಡ್ ಬಾ.”

“ಏಳು ಸಲ ಕಾಗ್ದ ಬರ್ದೀವಿ ಸಾರ್. ಉತ್ರನೇ ಬರಕಿಲ್ಲ.”

“ಬರೋ ಗಂಟ ತಡ್ಕಂಡಿರು. ಇಲ್ಲಾಂದ್ರೆ ಪೊದೆಗೆ ಹೋಗು. ನಿಮ್ ಜನಕ್ಕೆ ಅದೇನ್ ಹೊಸ್ದಾ?”

ಸಾಲಿನಲ್ಲಿ ನನ್ನ ಹಿಂದಿದ್ದ ಇಬ್ಬರು ಬಿಳಿಯರು ಕಿಸಕ್ಕೆಂದರು. ಪ್ರುಯಿಟ್ ಅದೇ ಕೈಯಲ್ಲಿ ದಂಡದ ಚೀಟಿಯನ್ನೂ ಹರಿದುಕೊಟ್ಟ. ಹೊಲಸು ಬಯಲಿಗೆ ಬಿಟ್ಟ ತಪ್ಪಿಗೆ. ಹಿಂದಿನ ವರ್ಷ ಇದೇ ತಪ್ಪಿಗೆ ನೆರೆಮನೆಯ ರೂಫಸ್‌ನನ್ನು ಮೂರು ದಿನ ಒಳಗೆ ಕೂರಿಸಿದ್ದರು.

ಕೊನೆಗೆ ನಾವೇ ಒಂದು ಉಪಾಯ ಮಾಡಿದೆವು. ನಮ್ಮ ಚರ್ಚಿನವರೆಲ್ಲ ಸೇರಿ ಹಳೆಯದೊಂದು ತೊಟ್ಟಿ ತಂದಿದ್ದರು. ರೂಫಸ್ ಕೂಲಿಗೆ ಓಡಿಸುವ ಮಣ್ಣು ತೋಡುವ ಯಂತ್ರ ಇತ್ತು. ಭಾನುವಾರ ಬೆಳಗ್ಗೆ ಪೊಲೀಸ್ ಮುಖ್ಯಸ್ಥ ಶೆರಿಫ್, ಪ್ರುಯಿಟ್ ಎಲ್ಲರೂ ತಮ್ಮ ಚರ್ಚಿನಲ್ಲಿ ಮಂಡಿಯೂರಿರುವಾಗ ತೊಟ್ಟಿ ಹೂತು ಮೇಲೆ ಹುಲ್ಲು ಹಾಸಿಬಿಡುವುದು. ಮೊದಲು ನಮ್ಮ ಮನೆ. ಚಿಕ್ಕಮ್ಮನಿಗೆ ಸಕ್ಕರೆ ಕಾಯಿಲೆ, ಕಾಲಿನಲ್ಲಿ ಹುಣ್ಣು.

ಫೋಟೋ ಮುಗಿಸಿದ ಜೂಲಿಯನ್ ಅಂಗಳದಲ್ಲಿದ್ದ ಆ ತೊಟ್ಟಿಯನ್ನು ನೋಡಿದ. ನಾನು ವಿಷಯ ಹೇಳಿದೆ. ಅವನ ಮುಖ ಸಣ್ಣಗಾಯಿತು.

“ಎರಡೇ ವಾರ ತಡೀರಿ ಡೆಲ್ಫೀನ್. ನಮ್ಮ ಅಧ್ಯಕ್ಷೆ ಬರ್ತಿದ್ದಾರೆ, ದಾನಿಗಳನ್ನೂ ಕರ್ಕೊಂಡು. ಈಗ ಸರಿ ಮಾಡಿಬಿಟ್ರೆ ಅವರು ಬಂದು ನೋಡೋದೇನನ್ನ? ಅವರು ಒಪ್ಪಿದ್ರೆ ಹನ್ನೊಂದು ಮನೆಗೂ ತೊಟ್ಟಿ ಬರುತ್ತೆ.”

“ಬ್ಯಾಡ ಕಣೇ,” ಅಂದಳು ಚಿಕ್ಕಮ್ಮ. “ಇವ್ನ ಮಾತ್ ಕೇಳಿ ಹೇಲು ಕಾಯ್ಕಂಡ್ ಕೂರ್ಬೇಕಾ?”

ಹನ್ನೊಂದು ಮನೆ ಎಂಬ ಮಾತು ನನ್ನ ತಲೆಯಲ್ಲಿ ಕೂತಿತ್ತು. ಒಪ್ಪಿದೆ.

ಎರಡು ವಾರ ಆರು ವಾರವಾಯಿತು. ಅಧ್ಯಕ್ಷೆಗೆ ಬಿಡುವಾಗಲಿಲ್ಲ. ನಡುವೆ ನಾಲ್ಕು ದಿನ ಬಿಡದೆ ಮಳೆ ಸುರಿಯಿತು. ಪೈಪು ಒಳಮುಖವಾಗಿ ಉಕ್ಕಿತು. ಸ್ನಾನದ ತೊಟ್ಟಿ ತುಂಬಿ, ಕಪ್ಪು ನೀರು ಹಾಸುಗಂಬಳಿಯ ತನಕ ಬಂತು. ನಾನು ಕಾರ್ಖಾನೆಯಲ್ಲಿದ್ದೆ. ಚಿಕ್ಕಮ್ಮ ಬರಿಗಾಲಲ್ಲಿ ನಿಂತು, ತಟ್ಟೆಯಿಂದ ಮೊಗೆದು ಮೊಗೆದು ಕಿಟಕಿಯಾಚೆ ಚೆಲ್ಲಿದ್ದಳು. ವಾರದಲ್ಲಿ ಕಾಲು ಊದಿ ಬದನೆಕಾಯಿಯ ಬಣ್ಣಕ್ಕೆ ತಿರುಗಿತು. ಮಾಂಟ್ಗಮರಿಯ ಆಸ್ಪತ್ರೆಯಲ್ಲಿ ಮೊಣಕಾಲಿನ ಕೆಳಗೆ ಕತ್ತರಿಸಿ ತೆಗೆದುಬಿಟ್ಟರು.

ನಾನು ಕಾರ್ಖಾನೆಯಿಂದಲೇ ಜೂಲಿಯನ್‌ಗೆ ಫೋನು ಮಾಡಿ ಹೇಳಿದೆ. ಅವನು ಅಯ್ಯೋ ಅಂದ. ದುಃಖವಾಗಿದೆ ಅಂದುಕೊಂಡೆ.

“ಡೆಲ್ಫೀನ್, ತಪ್ಪು ತಿಳ್ಕೋಬೇಡಿ,” ಅಂದ. “ಅಧ್ಯಕ್ಷೆ ಬರೋ ದಿನ ಚಿಕ್ಕಮ್ಮನ್ನ ಗಾಲಿಕುರ್ಚಿಲಿ ಮುಂದೆ ಕೂರಿಸೋಕಾಗುತ್ತಾ?”

ನನ್ನ ಕೈಯಲ್ಲಿ ಆಗ ಸೀಳುವ ಚಾಕು ಇತ್ತು. ಬಾಯಿಗೆ ಬಂದ ಬೈಗುಳ ನುಂಗಿ, ಆಗುತ್ತೆ ಅಂದೆ. ಚಿಕ್ಕಮ್ಮನಿಗೆ ವಿಷಯ ತಿಳಿಸಿದಾಗ ಅವಳು ಗೋಡೆಯ ಕಡೆ ಮುಖ ತಿರುಗಿಸಿದಳು. “ಬರ್ಲಿ, ಮುಂಡೇವು,” ಅಂದಳು.

ಬಂದರು. ಜೂನ್ ತಿಂಗಳ ಮಧ್ಯಾಹ್ನ, ಪುಟ್ಟದೊಂದು ಬಸ್ಸು. ಅದರ ಮೈಮೇಲೆ “ಜನಾಂಗೀಯ ನ್ಯಾಯದ ಪಯಣ” ಎಂಬ ಬ್ಯಾನರು. ಇಳಿಯುವ ಮುಂಚೆ ಎಲ್ಲರೂ ಬೂಟಿನ ಮೇಲೆ ನೀಲಿ ಪ್ಲಾಸ್ಟಿಕ್ ಚೀಲ ಹಾಕಿಕೊಂಡರು. ಒಬ್ಬಾಕೆ ಮೂಗಿಗೆ ಕರವಸ್ತ್ರ ಒತ್ತಿಕೊಂಡಳು. ಜೂಲಿಯನ್ ಗುರಾಯಿಸಿದ ಕೂಡಲೇ ತೆಗೆದಳು.

ಅಧ್ಯಕ್ಷೆ ಮಾರ್ಗೊ ಹ್ಯಾಡ್ಲಿಂಗ್ ನೆಟ್ಟಗೆ ಚಿಕ್ಕಮ್ಮನ ಹತ್ತಿರ ಬಂದು, ಕುರ್ಚಿಯ ಮುಂದೆ ಕುಕ್ಕರಗಾಲಲ್ಲಿ ಕೂತು, ಅವಳ ಕೈಯನ್ನು ತನ್ನೆರಡು ಕೈಯಲ್ಲಿ ಹಿಡಿದಳು. ಬೆಳ್ಳಿಕೂದಲಿನ ಬಿಳಿ ಹೆಂಗಸು. ಕಣ್ಣಲ್ಲಿ ನಿಜವಾಗಿಯೂ ನೀರಿತ್ತು. ಕ್ಯಾಮೆರಾ ಟಕಟಕ ಅಂದಿತು.

“ಕೈ ಬಿಡವ್ವ,” ಅಂದಳು ಚಿಕ್ಕಮ್ಮ. “ನಂದು ಹೋಗಿರೋದು ಕಾಲು.”

ಮಾರ್ಗೊ ಎದ್ದು ಕಣ್ಣೊರಸಿಕೊಂಡು ಅತಿಥಿಗಳ ಕಡೆ ತಿರುಗಿದಳು. “ಸ್ನೇಹಿತರೇ, ನನ್ನ ತಾತ ಇದೇ ಮಣ್ಣಲ್ಲಿ ಹತ್ತಿ ಬೆಳೆದವರು. ಇವರ ಹಿರಿಯರ ಬೆವರಿನಿಂದ. ಅದನ್ನ ನಾನು ಮುಚ್ಚಿಡೋದಿಲ್ಲ. ಆ ಕಡೆ ಕಾಣ್ತಿರೋ ಪೈನ್ ಮರಗಳೆಲ್ಲ ಇವತ್ತಿಗೂ ನಮ್ಮ ಪ್ರತಿಷ್ಠಾನದ ಮರದ ಕಂಪನಿಯವು. ಆ ಮರದ ದುಡ್ಡೇ ಇವರಿಗೆ ನ್ಯಾಯವಾಗಿ ವಾಪಸ್ ಬರೋದು.”

ಚಪ್ಪಾಳೆ ಬಿತ್ತು. ನನಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಹೊಳೆಯಿತು. ಒಳಗೆ ಓಡಿ, ಪ್ರುಯಿಟ್ ತಳ್ಳಿದ್ದ ಅರ್ಜಿಯನ್ನೂ ಪೆನ್ನನ್ನೂ ತಂದೆ.

“ಆ ಮರ ನಿಮ್ದಾದ್ರೆ ಈ ನೆಲನೂ ನಿಮ್ದೇ ಕಣಮ್ಮ. ನಾವ್ ಬಾಡ್ಗೆ ಕಟ್ಟೋದು ಆ ಕಂಪನಿಗೇನೆ. ಮೂರ್ ವರ್ಷದಿಂದ ಇಲ್ಲೊಂದು ಸಹಿಗೆ ಕಾಯ್ತಿದೀವಿ. ಹಾಕ್ಬಿಡಿ.”

ಮಾರ್ಗೊ ಕಾಗದವನ್ನು ಮುಟ್ಟಲಿಲ್ಲ. ಜೂಲಿಯನ್ ಕಡೆ ನೋಡಿದಳು. ಜೂಲಿಯನ್ ತನ್ನ ಬೂಟು ನೋಡಿಕೊಂಡ.

“ಇದು...” ಮಾರ್ಗೊ ಅಂದಳು, “ಆ ಕಂಪನಿ ನೋಡ್ಕೊಳ್ಳೋದು ಹೂಡಿಕೆ ಸಮಿತಿ ಡೆಲ್ಫೀನ್. ಬೇರೆ ವಿಭಾಗ. ನಾನು ಅವರಿಗೆ ಏನೂ ಹೇಳೋ ಹಾಗಿಲ್ಲ. ತೊಟ್ಟಿ ಹಾಕಿಸಿದ್ರೆ ಜಾಗದ ಮೇಲೆ ಹಕ್ಕು ಅಂತ ನಾಳೆ ಯಾರಾದ್ರೂ... ವಕೀಲರು ಒಪ್ಪಲ್ಲ. ಆದ್ರೆ ನಿಮ್ಮ ಊರಿಗೆ ಈ ವರ್ಷ ನಾಯಕತ್ವ ಶಿಬಿರ ಖಂಡಿತ ಕೊಡ್ತೀವಿ.”

“ನಿನ್ ಶಿಬಿರ ಮಡಚಿ ನಿನ್ ತಿಕದಾಗಿಟ್ಕೊ,” ಅಂದಳು ಚಿಕ್ಕಮ್ಮ. “ನಮ್ಮಪ್ಪ ಗೇದಿದ್ ನೆಲ. ನ್ಯಾಯ ಮಾಡಕ್ಕೆ ಬಂದಿದ್ರೆ ಅದ್ನ ಬಿಟ್ಕೊಟ್ ಹೋಗು. ಕಣ್ಣೀರ್ ನಂತಾವ್ಲೂ ಅದೆ.”

ಅತಿಥಿಗಳು ಬಸ್ಸಿನ ಕಡೆ ಸರಿಯತೊಡಗಿದರು. ಆಗ ರೂಫಸ್ ತನ್ನ ಯಂತ್ರವನ್ನು ಗಡಗಡ ಓಡಿಸಿಕೊಂಡು ಬಂದು ಮಣ್ಣುದಾರಿಗೆ ಅಡ್ಡವಾಗಿ ನಿಲ್ಲಿಸಿದ. ಇರುವುದು ಅದೊಂದೇ ದಾರಿ. ಎಂಜಿನ್ ಆರಿಸಿ ಕೀಲಿ ಜೇಬಿಗೆ ಹಾಕಿಕೊಂಡ.

“ಕೆಟ್ಟೋಯ್ತು,” ಅಂದ.

“ಯಾವಾಗ ಸರಿಯಾಗುತ್ತೆ?” ಡ್ರೈವರ್ ಕೇಳಿದ.

“ಸಹಿ ಬಿದ್ಮ್ಯಾಕೆ.”

ಜೂಲಿಯನ್ ಶೆರಿಫನ ಕಚೇರಿಗೆ ಫೋನು ಮಾಡಿ, ನನ್ನ ಹೆಸರು ಹೇಳಿ, ದಾರಿ ಕಟ್ಟಿಸಿದ್ದಾಳೆ ಅಂದ. ಬರುವುದಕ್ಕೆ ಒಂದು ಗಂಟೆಯಾದರೂ ಬೇಕೆಂದರು. ಬಿಸಿಲು ನೆತ್ತಿ ಸುಡುತ್ತಿತ್ತು. ನಾತ ಮೇಲೇಳುತ್ತಿತ್ತು. ಹನ್ನೊಂದು ಮನೆಯವರೂ ಹೊರಗೆ ಬಂದು ಮೆಟ್ಟಿಲುಗಳ ಮೇಲೆ ಕೂತರು. ಇಪ್ಪತ್ತು ಜನ ದಾನಿಗಳು ನಮ್ಮ ಅಂಗಳದಲ್ಲಿ ನೊಣ ಓಡಿಸುತ್ತ, ಬಾಟಲಿ ನೀರು ಕುಡಿಯುತ್ತ ನಿಂತರು.

ಮುಕ್ಕಾಲು ಗಂಟೆ ಕಳೆದ ಮೇಲೆ ಮಾರ್ಗೊ ನನ್ನ ಹತ್ತಿರ ಬಂದಳು. ಬೆವರಿಗೆ ಮುಖದ ಬಣ್ಣ ಇಳಿದಿತ್ತು. ದನಿ ತಗ್ಗಿಸಿ, “ಡೆಲ್ಫೀನ್, ನಿಮ್ಮ ಮನೇಲಿ... ಒಂದು ನಿಮಿಷ ಬಾತ್‌ರೂಮ್...” ಅಂದಳು.

“ಹೋಗಿ ತಾಯಿ,” ಅಂದೆ. “ಎಡಗಡೆ ಬಾಗ್ಲು. ಚಿಲ್ಕ ಸಡ್ಲ ಅದೆ, ಒತ್ತಿ ಹಾಕ್ಕಳಿ.”

ಬಸ್ಸಿನ ಹತ್ತಿರವಿದ್ದ ಜೂಲಿಯನ್‌ಗೆ ಅವಳು ಒಳಹೋಗಿದ್ದು ತಡವಾಗಿ ಕಂಡಿತು. “ಮೇಡಂ, ಬೇಡ! ಮೇಡಂ!” ಎಂದು ಓಡಿಬಂದ. ಅಷ್ಟರಲ್ಲಿ ಒಳಗೆ ನೀರು ಎಳೆದ ಸದ್ದಾಯಿತು.

ಪೈಪು ಗೊಟಗೊಟ ಅಂದಿತು. ನೆರಳಿಗೆಂದು ಮನೆಯ ಹಿಂದೆ ಬಂದು ಅದರ ಸುತ್ತಲೇ ನಿಂತಿದ್ದ ಅತಿಥಿಗಳು ತಿರುಗಿ ನೋಡಿದರು. ಎಲ್ಲರ ಕಣ್ಣೆದುರಿಗೆ ಅದು ಹೊರಬಂತು. ಬಿಸಿಲಲ್ಲಿ ಹೊಳೆಯುತ್ತ ನೀಲಿ ಬೂಟುಗಳ ನಡುವೆ ಹರಿದು ನಿಂತಿತು. ಒಬ್ಬ ಹಾರಿ ಹಿಂದಕ್ಕೆ ಸರಿದ. ಫೋಟೋದ ಹುಡುಗಿ ಅಭ್ಯಾಸಬಲದಿಂದ ಕ್ಯಾಮೆರಾ ಎತ್ತಿದಳು. ಜೂಲಿಯನ್ ಅಂಗೈಯಿಂದ ಅದರ ಕಣ್ಣು ಮುಚ್ಚಿದ.

ಮಾರ್ಗೊ ಕೈ ಒರೆಸಿಕೊಳ್ಳುತ್ತ, ಹಗುರಾದ ಮುಖದಲ್ಲಿ ಹಿಂಬಾಗಿಲಿಗೆ ಬಂದಳು. “ಏನಾಯ್ತು? ಯಾಕೆಲ್ಲಾ ಹೀಗೆ ನಿಂತಿದ್ದೀರಿ?”

ಎಲ್ಲರ ಕಣ್ಣು ಎಲ್ಲಿತ್ತೋ ಅಲ್ಲಿಗೆ ಅವಳೂ ನೋಡಿದಳು.

ಆ ಹೊತ್ತಿಗೇ ಶೆರಿಫನ ಕಡೆಯ ಪೊಲೀಸಿನವನು ಕಾರನ್ನು ಯಂತ್ರದ ಆಚೆ ಬಿಟ್ಟು ನಡೆದುಬಂದ. ಬಂದವನೇ ನೆಲ ನೋಡಿದ, ಮೂಗು ಮುರಿದ, ಜೇಬಿನಿಂದ ದಂಡದ ಪುಸ್ತಕ ತೆಗೆದ.

“ಯಾವ ಬೋಳಿಮಗಂದು ಇದು? ಈಗ್ ತಾನೆ ಬಿಟ್ಟಿರೋದು. ಯಾರ್ದು ಹೇಳ್ರಿ!”

ಚಿಕ್ಕಮ್ಮ ಕುರ್ಚಿಯಲ್ಲಿ ಕೂತಲ್ಲಿಂದಲೇ ತೋಳು ಉದ್ದಕ್ಕೆ ಚಾಚಿ ಮಾರ್ಗೊ ಹ್ಯಾಡ್ಲಿಂಗ್‌ಳನ್ನು ತೋರಿಸಿದಳು. ರೂಫಸ್ ತೋರಿಸಿದ. ಮೆಟ್ಟಿಲುಗಳ ಮೇಲಿದ್ದವರೆಲ್ಲ ಒಬ್ಬೊಬ್ಬರಾಗಿ ಎದ್ದು ನಿಂತು ತೋರಿಸಿದರು.

ಪೊಲೀಸಿನವನು ಅವಳನ್ನು ನೋಡಿದ. ಅವಳ ಬೆಳ್ಳಿಕೂದಲು, ಕೊರಳಿನ ಮುತ್ತು ನೋಡಿದ. ಟೋಪಿ ತೆಗೆದು ತಲೆ ಬಾಗಿಸಿದ. ದಂಡದ ಪುಸ್ತಕ ಮಡಚಿ ಜೇಬಿಗಿಟ್ಟ. ಆಮೇಲೆ ಸೊಂಟದಿಂದ ಕೈಬೇಡಿ ಬಿಚ್ಚಿಕೊಂಡು, ದಾರಿ ಅಡ್ಡಗಟ್ಟಿಸಿದ್ದಕ್ಕೆ ಎಂದು ನನ್ನ ಕಡೆ ಬಂದ.

ನಾನು ಎರಡೂ ಕೈ ಮುಂದಕ್ಕೆ ಕೊಟ್ಟೆ. ಒಂದು ಕೈಯಲ್ಲಿ ಅರ್ಜಿ ಹಾಗೇ ಇತ್ತು.

“ಕಾಗ್ದ ಬಿಡೇ,” ಅಂದ.

ಬಿಡಲಿಲ್ಲ. ಅವನು ನನ್ನ ಬೆರಳುಗಳನ್ನು ಒಂದೊಂದಾಗಿ ಹಿಂದಕ್ಕೆ ಮಡಚತೊಡಗಿದ.